ಮಾತಿನ ಡಾಕ್ಟರಮ್ಮನ ಬಳೆಗಳು

ಡಾಕ್ಟರಮ್ಮನ ಎರಡೂ ಕೈ ಬೋಳು. ಮಣಿಕಟ್ಟಿನ ಮೇಲೆ ಬಳೆ ಒತ್ತಿದ ಗುರುತಷ್ಟೇ ಇರುತ್ತಿತ್ತು. ಅಪ್ಪನನ್ನು ಮಾನ್ವಿಯ ದವಾಖಾನೆಗೆ ಕರೆದೊಯ್ದ ಮೊದಲ ದಿನವೇ ಅವ್ವನ ಕಣ್ಣು ಅಲ್ಲಿಗೆ ಬಿತ್ತು. ನಮ್ಮವ್ವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. "ಯಾಕ ಯವ್ವಾ, ಮನಿಯವ್ರು ಇಲ್ಲೇನು?" ಎಂದು ಕೇಳಿಯೇಬಿಟ್ಟಳು.

"ಅದಾರ, ಗಟ್ಟಿಮುಟ್ಟಾಗಿ ಅದಾರ," ಎಂದು ಅವರು ನಕ್ಕರು. "ಬಳಿ ಚೀಲದಾಗ ಅದಾವ. ಸಪ್ಪಳ ಆದ್ರ ಯಪ್ಪಾರ ಲಕ್ಷ್ಯ ನನ್ನ ಮಾತು ಬಿಟ್ಟು ಅದರ ಕಡಿಗಿ ಹೋಗತದ."

ದೇವದುರ್ಗದ ಹೆಣ್ಣುಮಗಳು. ರಾಯಚೂರಿನಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಲಕ್ವಾ ಹೊಡೆದು ಮಾತು ಹೋದವರಿಗೆ ಮಾತು ಕಲಿಸುತ್ತಿದ್ದರು. ನಮ್ಮ ಬಾಗಲವಾಡದವರಿಗೆ ಅವರು ಮಾತಿನ ಡಾಕ್ಟರಮ್ಮ.

ಕುರಿ ಕಾಯುವಾಗ ಇಡೀ ಅಡವಿಗೆ ಕೇಳುವಂತೆ ಕೂಗುತ್ತಿದ್ದ ಅಪ್ಪನಿಗೆ ಉಳಿದದ್ದು ಒಂದೇ ಮಾತು: ಬ್ಯಾಡ. ನೀರು ಅಂದರೆ ಬ್ಯಾಡ, ರೊಟ್ಟಿ ಅಂದರೆ ಬ್ಯಾಡ. ಅವ್ವ ತಾಟು ಎತ್ತಿಕೊಂಡು ಹೋದರೆ ಎಡಗೈಯಿಂದ ನೆಲ ಗುದ್ದುತ್ತಿದ್ದ. ರೋಗದಿಂದ ಸಿಟ್ಟು ಹೆಚ್ಚಾಗಿದೆ ಎಂದುಕೊಂಡಿದ್ದೆವು.

ಡಾಕ್ಟರಮ್ಮ ಅವನ ಮುಂದೆ ನೆಲದ ಮೇಲೆ ಕೂತು, ಅವನ ಎಡಗೈ ಕೆಳಗೆ ತಮ್ಮ ಅಂಗೈ ಇಟ್ಟರು. "ಯಪ್ಪಾ, ಹೌದಂದ್ರ ಒತ್ರಿ. ಹಸಿವಾಗ್ಯದೇನು?"

"ಬ್ಯಾಡ," ಎನ್ನುತ್ತಲೇ ಅಪ್ಪ ಅವರ ಕೈ ಹಿಸುಕಿದ.

"ನೋಡ್ರಿ ಯವ್ವಾ, ಇವರ ಬ್ಯಾಡ ಅಂದ್ರ ಬ್ಯಾಡ ಅಲ್ಲ. ಬಾಯಿಗಿ ಅದೊಂದ ಸಿಗತದ, ಅದನ್ನ ಅಂತಾರ. ಬಾಯಿ ನಂಬಬ್ಯಾಡ್ರಿ, ಕೈ ನಂಬ್ರಿ."

ಅವ್ವ ಅಲ್ಲೇ ಬುತ್ತಿ ಬಿಚ್ಚಿದಳು. ಗಂಟಲಿಗೆ ಸಿಕ್ಕದಂತೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಹೇಗೆ ಉಣಿಸಬೇಕೆಂದು ಅವರು ತೋರಿಸಿಕೊಟ್ಟರು. ಉಣಿಸುತ್ತಾ ಅವ್ವ ಅತ್ತಳು.

ಎಷ್ಟು ಹೆಣಗಿದರೂ ಅಪ್ಪನಿಗೆ ಎರಡನೆಯ ಮಾತು ಬರಲಿಲ್ಲ. ಅದು ಡಾಕ್ಟರಮ್ಮನನ್ನು ಕೊರೆಯುತ್ತಿತ್ತು. "ನಾ ಏನೂ ಕಲಿಸಲಿಲ್ಲ ನೋಡ್ರಿ," ಎಂದು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮುಂದೆ ಹೇಳಿಕೊಂಡರು.

ಎರಡನೆಯ ಸಲ ಲಕ್ವಾ ಹೊಡೆದಾಗ ರಾಯಚೂರಿಗೆ ಒಯ್ದೆವು. ಮೂಗಿಗೆ ನಳಿಕೆ ಹಾಕಿ ಇಲ್ಲೇ ಇಟ್ಟುಕೊಂಡರೆ ಕೆಲವು ದಿನ ಉಳಿಯಬಹುದು, ಗುಣವಾಗುವುದಿಲ್ಲ ಎಂದರು ವೈದ್ಯರು.

"ಬ್ಯಾಡ ಅನ್ನಾಕತ್ತಾನ, ಮನಿಗಿ ಒಯ್ಯಮು," ಎಂದ ಅಪ್ಪನ ತಮ್ಮ, ನಮ್ಮ ಕಾಕಾ.

"ಅವನ ಬ್ಯಾಡ ಅಂದ್ರ ಬ್ಯಾಡ ಅಲ್ಲಪ್ಪಾ!" ಅವ್ವ ಚೀರಿದಳು.

ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಕಳಚಿದ ಬಳೆ ಚೀಲಕ್ಕೆ ಹಾಕುತ್ತಲೇ ವಾರ್ಡಿನೊಳಗೆ ಬಂದರು. ಅಂಗೈ ಇಟ್ಟು ಕೇಳಿದರು: "ಮನಿಗಿ ಹೋಗೋದೇನು ಯಪ್ಪಾ?" ಬ್ಯಾಡ. "ಇಲ್ಲೇ ಇರೋದೇನು?" ಬ್ಯಾಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು.

"ಮನಿ ಅಂದಾಗ ಒತ್ತಿದ್ರು. ಇಲ್ಲಿ ಅಂದಾಗ ಒತ್ತಲಿಲ್ಲ. ಈ ಸಲ ಇಲ್ಲಿರೋದು ಬ್ಯಾಡ ಅಂದ್ರ ಬ್ಯಾಡನ, ಯವ್ವಾ."

ಆ ಒತ್ತು ಅವರ ಅಂಗೈಗೆ ಮಾತ್ರ ಗೊತ್ತು. ಅದನ್ನು ನಂಬಿ ಅಪ್ಪನನ್ನು ಮನೆಗೆ ತಂದೆವು. ಕುರಿಹಟ್ಟಿ ಕಾಣುವಂತೆ ಹಾಕಿದ ಹೊರಸಿನ ಮೇಲೆ ಮಲಗಿದಲ್ಲೇ ಅವನು ತೀರಿಕೊಂಡ.

ಮಣ್ಣಾದ ಮೇಲೆ ಡಾಕ್ಟರಮ್ಮ ನಮ್ಮೂರಿಗೆ ಬಂದರು. ಕೈತುಂಬ ಹಸಿರು ಬಳೆ. ನಾನು ಅವರನ್ನು ಹಾಗೆ ಕಂಡಿದ್ದು ಅದೇ ಮೊದಲು. ಅವ್ವನ ಪಕ್ಕ ಕೂತು, "ಒತ್ತಿದ್ದು ಖರೇ. ನಾ ಸರಿಯಾಗಿ ತಿಳಕೊಂಡ್ನೋ ಇಲ್ಲೋ ಅಂತ ನಿದ್ದಿ ಬರವಲ್ದು," ಎಂದರು.

ಅವ್ವ ತನ್ನ ಬೋಳು ಕೈಯಿಂದ ಅವರ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. ಬಳೆ ಸಪ್ಪಳವಾಯಿತು.