ತೆರೆಯದ ಫೈಲು ಮತ್ತು ಅತ್ತೆಯ ಸೆರಗು

ಬನಹಟ್ಟಿಯ ನಮ್ಮ ಮನೆಯ ಮಗ್ಗಗಳಿಗೆ ಸೀರೆಯಂಚಿನ ವಿನ್ಯಾಸ ಬರೆಯುವವಳು ನಾನು. ಹೋದ ವರ್ಷ ಮುಧೋಳದಲ್ಲಿ ನೇಕಾರ ಹೆಣ್ಣುಮಕ್ಕಳ ಸಭೆಯೊಂದಕ್ಕೆ ಕರೆದಿದ್ದರು. ಪರದೆಯ ಮೇಲೆ ನನ್ನ ವಿನ್ಯಾಸಗಳನ್ನು ತೋರಿಸಿ ಮಾತಾಡಬೇಕಿತ್ತು. ಬೆಳಗಾವಿಯಲ್ಲಿರುವ ನನ್ನ ತಮ್ಮ ತನ್ನ ಮ್ಯಾಕ್ ಕಂಪ್ಯೂಟರಿನಲ್ಲಿ ಚಿತ್ರಗಳನ್ನೆಲ್ಲ ಜೋಡಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಸೊಸೆ ವೇದಿಕೆ ಹತ್ತುವುದನ್ನು ನೋಡಬೇಕೆಂದು ಅತ್ತೆಯೂ ಹೊಸ ಸೀರೆ ಉಟ್ಟು ಹೊರಟರು.

ಸಭೆಯ ಕಂಪ್ಯೂಟರ್ ವಿಂಡೋಸಿನದು. ನನ್ನ ಫೈಲಿನ ಜಾಗದಲ್ಲಿ ಬರೀ ಬಿಳಿ ಹಾಳೆಯ ಗುರುತಿತ್ತು. ಒತ್ತಿದರೆ, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ನನ್ನನ್ನೇ ಕೇಳಿತು. ಅಲ್ಲಿನ ಆಪರೇಟರ್ ಫೈಲಿನ ಹೆಸರಿನ ಬಾಲ ಅಳಿಸಿ ‘ಪಿಪಿಟಿ’ ಎಂದು ಟೈಪ್ ಮಾಡಿದ. ಹೆಸರು ಬದಲಾಯಿತು, ಒಳಗಿನದು ಬದಲಾಗಲಿಲ್ಲ. ಫೈಲ್ ಕೆಟ್ಟಿದೆ ಎಂಬ ಸಾಲು ಪರದೆಯಲ್ಲಿ ದೊಡ್ಡದಾಗಿ ಮೂಡಿತು.

“ಇದು ಮ್ಯಾಕಿಂದ್ರಿ ಮೇಡಂ, ಇದರಾಗ ತೆರ್ಯೂದಿಲ್ಲ. ಮದ್ಲ ಒಮ್ಮೆ ನೋಡ್ಕೋಬಾರದೇನ್ರಿ?” ಎಂದ, ಮೈಕಿನ ಪಕ್ಕದಲ್ಲೇ.

ತಮ್ಮನಿಗೆ ಫೋನ್ ಮಾಡಿದೆ, ಅವನು ಎತ್ತಲಿಲ್ಲ. ಚಿತ್ರಗಳಿಲ್ಲದೆ ಒಂದು ಮಾತೂ ಹುಟ್ಟಲಿಲ್ಲ.

ಆಗ ಮುಂದಿನ ಸಾಲಿನಲ್ಲಿದ್ದ ಅತ್ತೆ ಎದ್ದು ನಿಂತರು. “ಅಕಿಗೆ ಎಲ್ಲಾ ಬರ್ತೈತ್ರಿ! ಈ ಸೀರಿ ಅಂಚು ಅಕೀನ ಬರದಾಳ, ನೋಡ್ರಿ!” ಎನ್ನುತ್ತ ಸೆರಗನ್ನು ಎರಡೂ ಕೈಯಲ್ಲಿ ಹರವಿ ಜನರತ್ತ ತಿರುಗಿದರು. ಕೆಲವರು ನಕ್ಕರು. ಕೆಲವರು ಕುತ್ತಿಗೆ ಚಾಚಿ ನಿಜಕ್ಕೂ ನೋಡತೊಡಗಿದ್ದರು. ನನಗೆ ಕೇಳಿಸಿದ್ದು ಆ ನಗು ಮಾತ್ರ.

“ಸಾಕ್ರಿ ಅತ್ತಿ, ಕುಂಡ್ರಿ!”

ಮೈಕ್ ಚಾಲೂ ಇತ್ತು. ಇಡೀ ಸಭೆಗೆ ಕೇಳಿತು. ಅತ್ತೆ ಸೆರಗು ಹೊದ್ದುಕೊಂಡು ಮೆಲ್ಲಗೆ ಕುಳಿತರು. ನಾನು ಏನನ್ನೂ ತೋರಿಸದೆಯೇ ವೇದಿಕೆ ಇಳಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದರು: “ನಾ ಎದ್ದು ನಿಂತಿದ್ದು ತಪ್ಪಾತೇನ?”

“ಹಂಗೇನಿಲ್ರಿ,” ಎಂದೆ, ಹೊರಗಿನ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ. ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಸಂಜೆ ತಮ್ಮನೇ ಫೋನ್ ಮಾಡಿ, “ಪಿಡಿಎಫ್ ಮಾಡಿ ಕೊಡಬೇಕಿತ್ತಕ್ಕಾ, ಅದು ಎಲ್ಲಾದರಾಗೂ ತೆರೀತೈತಿ,” ಎಂದು ಪೇಚಾಡಿ ಮತ್ತೆ ಕಳಿಸಿದ. ನನ್ನ ಫೋನಿನಲ್ಲಿ ತಟ್ಟನೆ ತೆರೆಯಿತು. ಅಡಿಗೆಮನೆಗೆ ಒಯ್ದು ಅತ್ತೆಗೆ ತೋರಿಸಿದೆ.

“ಛಲೋ ಬಂದಾವ. ಆ ಹೆಣ್ಮಕ್ಕಳಿಗೂ ಕಳಸು. ಪಾಪ, ನೋಡ್ಲೇ ಇಲ್ಲ ಅವ್ರು.”

“ನಿಮಗ ಕುಂಡ್ರಿ ಅನ್ನಬಾರದಿತ್ರಿ ನಾ,” ಎಂದೆ.

ಅತ್ತೆ ಒದ್ದೆ ಬೆರಳನ್ನು ಸೀರೆಗೆ ಒರೆಸಿ ಮುಂದಿನ ಚಿತ್ರ ಸರಿಸಿದರು. “ಅಂದಿದ್ದಕ್ಕ ಬ್ಯಾಸರಿಲ್ಲ ಯವ್ವಾ. ಮೈಕಿನ್ಯಾಗ ಅಂದಿ ನೋಡು.”

ಒಲೆಯ ಮುಂದೆ ನಿಂತು ಇಬ್ಬರೂ ಉಳಿದ ಚಿತ್ರಗಳನ್ನು ನೋಡಿದೆವು.