ಸಮಯ ಸಾಲದ ಸದ್ಗುಣ

ಕತಾರಿನ ಮೆಸಯೀದ್‌ನ ನಮ್ಮ ಸ್ಥಾವರದಲ್ಲಿ ಯಾವ ಮೀಟಿಂಗೂ ನೇರವಾಗಿ ಶುರುವಾಗುವುದಿಲ್ಲ. ಮೊದಲ ಐದು ನಿಮಿಷ ಯಾರಾದರೊಬ್ಬರು ಸುರಕ್ಷತೆಯ ಬಗ್ಗೆ ಮಾತಾಡಬೇಕು. ಅದಕ್ಕೆ ಸೇಫ್ಟಿ ಮೊಮೆಂಟ್ ಎಂದು ಹೆಸರು. ಏಣಿ ಹೇಗೆ ಹತ್ತಬೇಕು, ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕು, ಇಂಥವು. ಆಕಳಿಕೆ ಬಂದರೂ ಮರ್ಯಾದಸ್ಥ ಮಾತುಗಳು. ನಮ್ಮ ಮ್ಯಾನೇಜರ್ ಅದನ್ನೂ ಕೆಡಿಸಿದರು.

ಅವರು ಮೈಸೂರಿನವರು. ಒಂದು ಸಲ ರಜೆಯಿಂದ ಬರುವಾಗ ವಿಮಾನ ನಿಲ್ದಾಣದಲ್ಲಿ ಗ್ರೀಕ್ ತತ್ತ್ವಜ್ಞಾನದ ತೆಳ್ಳಗಿನ ಪುಸ್ತಕವೊಂದನ್ನು ಕೊಂಡವರು, ದೋಹಾದಲ್ಲಿ ಇಳಿಯುವಷ್ಟರಲ್ಲಿ ಜ್ಞಾನಿಯಾಗಿದ್ದರು. ಅಂದಿನಿಂದ, ಅಲ್ಲಿ ವಾರ ಶುರುವಾಗುವ ಭಾನುವಾರದ ಐದು ನಿಮಿಷ ಅವರದೇ. ವಿವೇಕ, ಧೈರ್ಯ, ಸಂಯಮ, ನ್ಯಾಯ. ಒಳ್ಳೆಯ ಬಾಳಿಗೆ ನಾಲ್ಕು ಸದ್ಗುಣ, ಪರದೆಯ ಮೇಲೆ ನಾಲ್ಕು ಸ್ಲೈಡ್. ವಿವೇಕಕ್ಕೆ ತಮ್ಮನ್ನೇ ಉದಾಹರಣೆ ಕೊಡುತ್ತಿದ್ದರು, ಧೈರ್ಯಕ್ಕೂ ತಮ್ಮನ್ನೇ. ಸಂಯಮವನ್ನು ಮಾತ್ರ ನಮಗೆ ಬಿಟ್ಟಿದ್ದರು. ನ್ಯಾಯಕ್ಕೆ ಬರುವಷ್ಟರಲ್ಲಿ ಸಮಯ ಮುಗಿದು, "ಅದನ್ನ ಮುಂದಿನ ವಾರ ನೋಡೋಣ" ಅನ್ನುತ್ತಿದ್ದರು. ಮುಂದಿನ ವಾರ ಮತ್ತೆ ವಿವೇಕದಿಂದ ಶುರು.

ದೋಹಾದ ಅಲ್ ಮನ್ಸೂರಾದಿಂದ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಬಾಗಲಕೋಟೆಯ ಎಂಜಿನಿಯರ್‌ಗೆ ಆ ವರ್ಷ ಮೊದಲ ಮಗು ಆಗುವುದಿತ್ತು. ಹೆಂಡತಿ ತವರಿನಲ್ಲಿದ್ದಳು. ಹೆರಿಗೆಯ ಹೊತ್ತಿಗೆ ಹತ್ತಿರ ಇರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಅಷ್ಟರಲ್ಲಿ ಸ್ಥಾವರ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ನಿಗದಿಗಿಂತ ಮೊದಲೇ ಬಂದು ಸರಿಯಾಗಿ ಆ ದಿನಗಳ ಮೇಲೇ ಕೂತಿತು. ಎಲ್ಲರ ರಜೆಯೂ ರದ್ದಾಯಿತು. ಅವನು ಮ್ಯಾನೇಜರ್ ಕೋಣೆಗೆ ಹೋಗುವಾಗ ಜೊತೆಗಿರಲೆಂದು ನನ್ನನ್ನೂ ಕರೆದ.

"ಒಂದು ವಾರ ಸಾಕ್ರಿ ಸರ್. ಮೊದಲ ಹೆರಿಗಿ ಐತಿ, ಅಕಿ ಭಾಳ ಹೆದರ‍್ಯಾಳ."

ಮ್ಯಾನೇಜರ್ ಕುರ್ಚಿಗೆ ಒರಗಿದರು. "ನೋಡಿ, ನಮ್ಮ ಕೈಲಿ ಏನಿದೆ, ಏನಿಲ್ಲ ಅಂತ ಮೊದಲು ತಿಳ್ಕೋಬೇಕು. ಹೆರಿಗೆ ನಿಮ್ಮ ಕೈಲಿದೆಯಾ? ಡಾಕ್ಟರ್ ಕೈಲಿದೆ. ಶಟ್‌ಡೌನ್ ನಿಮ್ಮ ಕೈಲಿದೆ. ಅದನ್ನ ಮಾಡಿ."

ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿರುವುದು, ಇಲ್ಲದ್ದು ಎಂಬ ಆ ಪಾಠವನ್ನು ಹೇಳಿದ ಗ್ರೀಕರಲ್ಲಿ ಒಬ್ಬ ಗುಲಾಮನಾಗಿ ಬದುಕಿದವನು. ತನ್ನ ಜೀವ ಹಿಡಿದುಕೊಳ್ಳಲು ಗುಲಾಮ ಕಂಡುಕೊಂಡ ಮಾತನ್ನು ಯಜಮಾನ ಎತ್ತಿಕೊಂಡು ಗುಲಾಮನಿಗೇ ಬೋಧಿಸಿದರೆ ಅದು ತತ್ತ್ವಜ್ಞಾನವಲ್ಲ, ಲಜ್ಜೆಗೇಡಿತನ. ಇದು ಅವರ ತೆಳ್ಳಗಿನ ಪುಸ್ತಕದಲ್ಲಿ ಇದ್ದಿರಲಾರದು. ಇದ್ದರೂ ಅವರು ಆ ಪುಟದವರೆಗೆ ಹೋಗಿರಲಾರರು.

ಶಟ್‌ಡೌನ್ ನಡುವೆ ಮ್ಯಾನೇಜರ್ ಮೈಸೂರಿಗೆ ಹಾರಿದರು. ಹೊಸ ಮನೆಯ ಗೃಹಪ್ರವೇಶವಂತೆ. ಮನೆಯ ಯಜಮಾನನ ಪಾತ್ರಕ್ಕೂ ಒಂದು ಕರ್ತವ್ಯವಿದೆಯೆಂದು ಗ್ರೀಕರು ಹೇಳಿದ್ದಾರೆಂದು ನಮಗೆ ತಿಳಿಸಿಯೇ ಹೊರಟರು. ಭಾನುವಾರದ ಐದು ನಿಮಿಷವನ್ನು, ತಮ್ಮ ಸ್ಲೈಡುಗಳ ಸಮೇತ, ಈ ಬಾಗಲಕೋಟೆಯವನಿಗೇ ವಹಿಸಿದ್ದರು. ಸಮಚಿತ್ತಕ್ಕೆ ಇವನೇ ಮಾದರಿ ಎಂದು ಹೊಗಳಿಕೆ ಬೇರೆ.

ಆ ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿದ್ದಾಗಲೇ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದಿತ್ತು. ಮೀಟಿಂಗಿನಲ್ಲಿ ಅವನು ಫೋನನ್ನು ಮೇಜಿನ ಮೇಲಿಟ್ಟು ಎದ್ದು ನಿಂತ. ಮ್ಯಾನೇಜರ್ ರೇಷ್ಮೆ ಪಂಚೆಯಲ್ಲಿ, ಹಿಂದೆ ಮಾವಿನ ತೋರಣ ಕಾಣುವಂತೆ, ವಿಡಿಯೋದಲ್ಲಿ ಬಂದು ಕೂತಿದ್ದರು. ಅವನು ಮೊದಲ ಮೂರು ಸ್ಲೈಡುಗಳನ್ನು ಮಾತಿಲ್ಲದೆ ದಾಟಿಸಿ ನಾಲ್ಕನೆಯದಕ್ಕೆ ನಿಲ್ಲಿಸಿದ.

"ಸರ್, ಇದಕ್ಕ ನಾವು ಯಾವತ್ತೂ ಬಂದಿಲ್ಲ. ನ್ಯಾಯ ಅಂದ್ರ ಏನಂತ ನೀವ ಹೇಳ್ರಿ."

ಅಲ್ಲಿಯವರೆಗೆ ಪುರೋಹಿತರ ಮಂತ್ರವೂ ಸ್ಪಷ್ಟವಾಗಿ ಕೇಳುತ್ತಿದ್ದ ಲೈನಿನಲ್ಲಿ ಮ್ಯಾನೇಜರ್, "ಹಲೋ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಎಂದರು. ಪರದೆ ಕಪ್ಪಾಯಿತು. ಬಾಯಿತುಂಬ ಸದ್ಗುಣ ತುಂಬಿಕೊಂಡ ಮನುಷ್ಯ ಒಂದು ಪ್ರಶ್ನೆಗೆ ಹೀಗೆ ಕಾಲ್ಕಿತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಮಗಳನ್ನು ಫೋನಿನಲ್ಲಿ ನೋಡಿದ. ಹೆಂಡತಿ ಫೋನನ್ನು ಮಗುವಿನ ಕಡೆಗೆ ತಿರುಗಿಸಿದಳು ಅಷ್ಟೆ.

ಮ್ಯಾನೇಜರ್ ವಾಪಸು ಬಂದವರು ಎಲ್ಲರಿಗೂ ಮೈಸೂರ್ ಪಾಕ್ ಹಂಚುತ್ತ ಅವನ ಮೇಜಿನ ಹತ್ತಿರ ನಿಂತರು. ನ್ಯಾಯದ ಮಾತು ಎತ್ತಲಿಲ್ಲ.

"ನೋಡಿ, ಸುಮ್ನೆ ಒದ್ದಾಡಿದ್ರಿ. ಎಲ್ಲಾ ಸುಸೂತ್ರವಾಗಿ ಆಯ್ತಲ್ಲ. ನೀವು ಹೋಗಿದ್ರೂ ಅಲ್ಲಿ ಏನು ಮಾಡ್ತಿದ್ರಿ?"

ಅವನು ಡಬ್ಬಿಗೆ ಕೈ ಹಾಕಲಿಲ್ಲ.

"ಮಗಳನ್ನ ಎತ್ಕೋತಿದ್ದೆರಿ ಸರ್" ಅಂದ.