ಮೇಷ್ಟ್ರಿಗೆ ಬೆನ್ನು ಹಾಕಿದ್ದು

ನಮ್ಮ ಬಾಲ್ ಬ್ಯಾಡ್ಮಿಂಟನ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಒಳಮೈಯಲ್ಲಿ ಹುಣಸೆಬೀಜದಷ್ಟು ದಪ್ಪದ ಜಡ್ಡು ಇತ್ತು. ಎಡಗಡೆ ಬಂದ ಚೆಂಡಿಗೆ ತಿರುಗಿ ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ಬ್ಯಾಟಿನ ಹಿಡಿಯ ಹಿಂದೆ ಆ ಬೆರಳನ್ನು ಒತ್ತಿ ಒತ್ತಿ ಬಂದದ್ದು. ಯಾರಾದರೂ ಕೇಳಿದರೆ ಹೊಸ ಉಂಗುರ ತೋರಿಸುವವರಂತೆ ಕೈ ಚಾಚುತ್ತಿದ್ದರು.

ಐವತ್ತರ ದಶಕದ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾಗಿದ್ದ ಅವರು ತಮ್ಮ ಮನೆಯ ಎದುರಿನ ಸೈಟಿನಲ್ಲಿ ಸುಣ್ಣದ ಗೆರೆ ಎಳೆದು, ಬಲೆ ಕಟ್ಟಿ, ಬೀದಿಯ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿದ್ದರು. ನಾನಾಗ ಪ್ರೈಮರಿ ಸ್ಕೂಲಿನ ಹೊಸ ಟೀಚರು. ಶಾಲೆ ಬಿಟ್ಟ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲಿಗೆ ಓಡುತ್ತಿದ್ದೆ.

ಬಲಗಡೆ ಬಂದ ಚೆಂಡನ್ನು ನಾನು ಹೊಡೆದರೆ ಎದುರಿನವರು ಮುಖ ಮುಚ್ಚಿಕೊಳ್ಳುತ್ತಿದ್ದರು. ಎಡಗಡೆಯ ಕಥೆ ಹೇಳದಿರುವುದೇ ವಾಸಿ. ಸುತ್ತಿ ಓಡಿ ಚೆಂಡನ್ನು ಬಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಅಂಗಳ ಖಾಲಿಯಾಗಿರುತ್ತಿತ್ತು. ಮಲ್ಲೇಶ್ವರದ ತಂಡದೊಂದಿಗೆ ಪಂದ್ಯಕ್ಕೆ ಎರಡೇ ವಾರ. ಆಡುವವರು ಐದು ಜನ, ನಾವಿದ್ದದ್ದು ಆರು. ಹೊರಗೆ ಕೂರುವವಳು ನಾನೇ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು. ನನಗಂತೂ ಅಳುವೇ ಬರುತ್ತಿತ್ತು.

"ಓಡಿ ತಪ್ಪಿಸ್ಕೋಬೇಡ, ತಿರುಗಿ ಹೊಡಿ. ಬೆನ್ನು ನನಗೆ ಕಾಣ್ಬೇಕು" ಎಂದು ಬಲೆಯ ಆಚೆಯಿಂದ ಮೇಷ್ಟ್ರು ಚೆಂಡು ಎಸೆಯುತ್ತಿದ್ದರು. ನಾನು ಅರ್ಧ ತಿರುಗಿ ನಿಂತುಬಿಡುತ್ತಿದ್ದೆ. ಒಂದು ಸಂಜೆ ಅವರು ಜಗಲಿಯಲ್ಲಿ ಕಾಫಿಗೆ ಕೂತಾಗ ಗೆಳತಿ ಚೆಂಡು ಎಸೆದಳು. ಪೂರ್ತಿ ತಿರುಗಿ ಬಾರಿಸಿದೆ.

"ಬಾಮ್ಮ ಇಲ್ಲಿ" ಎಂದರು ಮೇಷ್ಟ್ರು. "ಅವಳು ಎಸೆದ್ರೆ ತಿರುಗ್ತೀಯ, ನಾನು ಎಸೆದ್ರೆ ಕಂಬ ಆಗ್ತೀಯ. ಏನ್ ಸಮಾಚಾರ?"

"ಹಿರಿಯರಿಗೆ ಬೆನ್ನು ಹಾಕಬಾರ್ದು ಅಂತ ಅಜ್ಜಿ ಹೇಳಿದಾರೆ ಮೇಷ್ಟ್ರೇ."

ನಕ್ಕು ನಕ್ಕು ಪಂಚೆಯ ಮೇಲೆಲ್ಲ ಕಾಫಿ ಚೆಲ್ಲಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು: "ನಿಮ್ಮಜ್ಜಿ ಹೇಳಿದ್ದು ಸರಿ. ಆದ್ರೆ ಗೆರೆ ಒಳಗೆ ನಾನು ಹಿರಿಯ ಅಲ್ಲ ಕಣಮ್ಮ, ಚೆಂಡು ಎಸೆಯೋನು. ಅಲ್ಲಿ ನೀನು ಬೆನ್ನು ಹಾಕಿದ್ರೇನೇ ನನಗೆ ಮರ್ಯಾದೆ."

ಅಷ್ಟಕ್ಕೇ ಬಿಡದೆ ಮರುದಿನ ಕೋಟು ಹಾಕಿಕೊಂಡು ನಮ್ಮ ಮನೆಗೆ ಬಂದು ಅಜ್ಜಿಯ ಒಪ್ಪಿಗೆಯನ್ನೂ ಕೇಳಿದರು. ಅಜ್ಜಿ, "ಅಯ್ಯೋ, ಆಟಕ್ಕೂ ಅದಕ್ಕೂ ಏನ್ರೀ ಸಂಬಂಧ? ಹೊಡೀಲಿ ಬಿಡಿ!" ಎಂದರು.

ಅಂದಿನಿಂದ ಮೇಷ್ಟ್ರು ಎಸೆದರೂ ತಿರುಗಿ ಹೊಡೆಯತೊಡಗಿದೆ, ಐವರಲ್ಲಿ ನನಗೂ ಜಾಗ ಸಿಕ್ಕಿತು. ಪಂದ್ಯದ ಕೊನೆಯ ಚೆಂಡು ನನ್ನ ಎಡಮೂಲೆಗೇ ಬಂತು. ಎದುರು ತಂಡದ ಗೆರೆಯಾಚೆ, ನನಗೆ ನೇರವಾಗಿ, ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಅವರಿಗೆ ಪೂರ್ತಿ ಬೆನ್ನು ಹಾಕಿ ಹೊಡೆದೆ. ಚೆಂಡು ಎದುರಿನವರ ಹಿಂದಿನ ಗೆರೆಯ ಒಳಗೇ ಬಿತ್ತು, ಯಾರ ಕೈಗೂ ಸಿಗಲಿಲ್ಲ. ಗೆದ್ದೆವು! ಇವತ್ತಿಗೂ ಅದನ್ನು ಹೇಳಿ ಜಂಬ ಕೊಚ್ಚಿಕೊಳ್ಳುತ್ತೇನೆ. ಮೇಷ್ಟ್ರು ಶಹಭಾಸ್ ಅನ್ನಲಿಲ್ಲ. ನನ್ನ ಹೆಬ್ಬೆರಳು ಹಿಡಿದು ತಿರುಗಿಸಿ ನೋಡಿ, "ಶುರುವಾಗಿದೆ" ಎಂದರು, ಅಷ್ಟೆ.

ಅವರು ತೀರಿಕೊಂಡ ದಿನ ಅದೇ ಜಗಲಿಯ ಮೇಲೆ ಮಲಗಿಸಿದ್ದರು. ಬಂದವರೆಲ್ಲ ನಮಸ್ಕರಿಸಿ ಅವರತ್ತಲೇ ಮುಖಮಾಡಿ ಹಿಂದೆ ಹಿಂದೆ ಸರಿಯುತ್ತಿದ್ದರು. ನಾನು ಕಾಲು ಮುಟ್ಟಿದೆ, ಆ ಜಡ್ಡನ್ನು ಒಮ್ಮೆ ಸವರಿದೆ. ಆಮೇಲೆ ಅಳುತ್ತಲೇ ಪೂರ್ತಿ ತಿರುಗಿ, ಬೆನ್ನು ಹಾಕಿ ನೆಟ್ಟಗೆ ನಡೆದೆ.

"ಏನ್ ಹುಡುಗೀನಪ್ಪ!" ಎಂದು ಯಾರೋ ಗೊಣಗಿದರು.

"ಸುಮ್ನಿರಿ, ಅವರೇ ಹೇಳ್ಕೊಟ್ಟಿದ್ದು" ಎಂದರು ಮೇಷ್ಟ್ರ ಹೆಂಡತಿ.